ಸಹಾಯ ಬೇಕು: ಅಮ್ಮನ ಜೊತೆ ನೈರೋಬಿ ಸುತ್ತುವುದಕ್ಕೆ

ಎಲ್ಲರಿಗೂ ನಮಸ್ಕಾರ. ಜುಲೈನಲ್ಲಿ ಅಮ್ಮನನ್ನು ಕರೆದುಕೊಂಡು ಕೀನ್ಯಾದ ನೈರೋಬಿಗೆ ಹೊರಟಿದ್ದೇನೆ. ಅಲ್ಲಿ ಇರುವವರು, ಹೋಗಿ ಬಂದವರು ಇದ್ದರೆ ಸ್ವಲ್ಪ ಹೇಳಿ.

ಇ-ಟಿಎ (ಆನ್‌ಲೈನ್‌ನಲ್ಲಿ ಪಡೆಯುವ ಪ್ರವೇಶ ಅನುಮತಿ) ಆಗಿದೆ. ಹಳದಿ ಜ್ವರದ ಲಸಿಕೆಯೂ ಆಯಿತು. ಅಮ್ಮನಿಗೆ ಅರವತ್ತು ದಾಟಿದೆ, ಡಾಕ್ಟರನ್ನು ಕೇಳಿಯೇ ಹಾಕಿಸಿದೆವು. ಪ್ಲಾಸ್ಟಿಕ್ ಕವರ್ ಅಲ್ಲಿ 2017ರಿಂದ ನಿಷೇಧ, ಹಾಗಾಗಿ ಚಟ್ನಿಪುಡಿ, ಹುರಿಹಿಟ್ಟು ಎಲ್ಲ ಡಬ್ಬಿಗೆ ಹೋಗಿವೆ.

ಮುಖ್ಯವಾಗಿ ಮಟಾಟು ಬಗ್ಗೆ ಕೇಳಬೇಕು. ಮೈತುಂಬ ಚಿತ್ರ ಬಳಿದುಕೊಂಡು, ಜೋರಾಗಿ ಹಾಡು ಹಾಕಿಕೊಂಡು, ಬಾಗಿಲಲ್ಲಿ ಕಂಡಕ್ಟರ್ ನೇತಾಡಿಕೊಂಡು ಹೋಗುವ ಆ ಬಸ್ಸನ್ನು ಒಂದು ಸಲವಾದರೂ ಹತ್ತಬೇಕು ಅಂತ ನನಗೆ ಆಸೆ. ಮಂಡಿನೋವಿನ ಅಮ್ಮನನ್ನು ಹತ್ತಿಸಬಹುದಾ? ರಶ್ ಕಮ್ಮಿ ಇರುವ ಹೊತ್ತು ಯಾವುದು? ಇಲ್ಲಾಂದ್ರೆ ಸುಮ್ನೆ ಆ್ಯಪ್ ಟ್ಯಾಕ್ಸಿಯೇ ವಾಸಿನಾ?

ಊರ ಅಂಚಿನಲ್ಲೇ ನ್ಯಾಷನಲ್ ಪಾರ್ಕ್ ಇದೆಯಲ್ಲ, ಬೆಳಗ್ಗೆ ಬೇಗ ಹೋಗಿ ಸಿಂಹ, ಘೇಂಡಾಮೃಗ ನೋಡಿಕೊಂಡು, 11 ಗಂಟೆಗೆ ಅನಾಥ ಆನೆಮರಿಗಳನ್ನು ಸಾಕುವ ಶೆಲ್ಡ್ರಿಕ್ ಕೇಂದ್ರಕ್ಕೆ ತಲುಪಲು ಆಗುತ್ತಾ? ಅಲ್ಲಿ ನೋಡಲು ಬಿಡುವುದೇ ಒಂದು ಗಂಟೆ ಹೊತ್ತು, ಮೊದಲೇ ಬುಕ್ ಮಾಡಬೇಕು. ಟ್ರಾಫಿಕ್ ಬೆಂಗಳೂರಿನಷ್ಟೇ ಅಂತ ಕೇಳಿ ಭಯ.

ಎಂ-ಪೆಸಾ (ಅಲ್ಲಿ ಮೊಬೈಲ್‌ನಲ್ಲಿ ಹಣ ಕೊಡುವ ವ್ಯವಸ್ಥೆ) ಹೊರಗಿನವರಿಗೆ ಪಾಸ್‌ಪೋರ್ಟ್ ತೋರಿಸಿದರೆ ತಕ್ಷಣ ಸಿಗುತ್ತಾ, ಅಥವಾ ನಗದೇ ಜಾಸ್ತಿ ಇಟ್ಟುಕೊಳ್ಳಲಾ?

ಉಳಿಯುವುದು ಪಾರ್ಕ್‌ಲ್ಯಾಂಡ್ಸ್ ಬಡಾವಣೆಯಲ್ಲಿ ಅಂದುಕೊಂಡಿದ್ದೇವೆ. ಗುಜರಾತಿ ಊಟ ಧಾರಾಳವಾಗಿ ಸಿಗುತ್ತದಂತೆ. ಆದರೆ ಅಮ್ಮನಿಗೆ ರಾತ್ರಿ ಅನ್ನ-ಸಾರೇ ಆಗಬೇಕು, ಮೊಟ್ಟೆ ವಾಸನೆಯೂ ಆಗಲ್ಲ. ಅಡುಗೆಮನೆ ಇರುವ ರೂಮು ಗೊತ್ತಿದ್ದರೆ ದಯವಿಟ್ಟು ಮೆಸೇಜ್ ಮಾಡಿ.