ಶೀಟ್ ಯಾರ ಜಿಮೇಲ್‌ನಲ್ಲಿದೆ?

ಸಣ್ಣ ವ್ಯಾಪಾರಿಗಳ ವಾಟ್ಸ್ಆಪ್ ಗುಂಪು. ಇವತ್ತಿನ ವಿಷಯ: ಗೂಗಲ್ ಶೀಟ್, ಅಂದರೆ ಹಲವರು ಒಟ್ಟಿಗೆ ನೋಡಿ ತಿದ್ದಬಹುದಾದ ಆನ್‌ಲೈನ್ ಲೆಕ್ಕದ ಹಾಳೆ. ಇವತ್ತು ಪ್ರಶ್ನೆಗಳಿಗೆ ಉತ್ತರಿಸುವವರು: ಅಂಗಡಿಗಳಿಗೆ ಕಂಪ್ಯೂಟರ್ ವ್ಯವಸ್ಥೆ ಮಾಡಿಕೊಡುವ ಸಲಹೆಗಾರ್ತಿ.

ತಿಪಟೂರು, ಕೊಬ್ಬರಿ: ಮೇಡಂ, ಗೂಗಲ್ ಶೀಟ್ ಫ್ರೀನಾ?

ಸಲಹೆಗಾರ್ತಿ: ಹೌದು ಸಾರ್. ಜಿಮೇಲ್, ಡ್ರೈವ್, ಫೋಟೋಸ್ ಎಲ್ಲ ಸೇರಿ 15 ಜಿಬಿ ತನಕ.

ಇಳಕಲ್, ಸೀರೆ: ನಮಸ್ಕಾರ್ರಿ ಮೇಡಂ. ಯಾವ ನೇಕಾರಗ ಎಷ್ಟು ನೂಲು ಕೊಟ್ಟೀವಿ, ಯಾವ ಗೋಮಿ ದಡಿ ಸೀರಿ ಯಾರಿಗೆ ಹೋತು, ಅಡ್ವಾನ್ಸ್ ಎಷ್ಟು ಬಂತು, ಎಲ್ಲಾ ಒಂದ ಶೀಟಿನ್ಯಾಗ ಐತ್ರಿ. ಮೊದಲ ಒಂದ ಸೀರಿ ಎರಡೂ ಅಂಗಡ್ಯಾಗ ಮಾರಾಟ ಆಗಿ ಜಗಳ ಆಗ್ತಿತ್ತು, ಈಗ ಇಲ್ಲ. ಆದ್ರ ಶೀಟ್ ಮಾಡಿದ ಹುಡುಗ ಈ ತಿಂಗಳ ಕೊನಿಗೆ ಕೆಲಸ ಬಿಡ್ತಾನ. ಅವನ ಜಿಮೇಲ್‌ದಾಗ ಮಾಡ್ಯಾನ. ನನಗ ಎಡಿಟ್ ಪರ್ಮಿಶನ್ ಐತಿ, ಸಾಕಲ್ರಿ?

ಸಲಹೆಗಾರ್ತಿ: ಸಾಲದು. ನಿಮ್ಮ ಪ್ರಶ್ನೆ ಓದಿ ಗಾಬರಿಯಾಯಿತು, ಇವತ್ತೇ ಕೂತು ಮಾಡಿ. ಆ ಫೈಲಿನ ಮಾಲೀಕ ಆ ಹುಡುಗ, ನೀವಲ್ಲ. ಅವನು ಬೇಕಂತ ಅಳಿಸಬೇಕಾಗಿಲ್ಲ. ಮುಂದೊಂದು ದಿನ ಜಾಗ ಸಾಲದೆ ಹಳೇ ಫೈಲ್ ತೆಗೆದರೂ ಸಾಕು, ಅದು 30 ದಿನ ಟ್ರ್ಯಾಶ್‌ನಲ್ಲಿದ್ದು ನಿಮಗೂ ಇಲ್ಲವಾಗುತ್ತದೆ. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ಲೇ ಅಳಿಸಬಹುದು.

ಮೊದಲು ಅಂಗಡಿ ಹೆಸರಲ್ಲಿ ಒಂದು ಜಿಮೇಲ್ ತೆರೆಯಿರಿ. ರಿಕವರಿ ನಂಬರ್ ನಿಮ್ಮದೇ ಇರಲಿ, ಟೂ ಸ್ಟೆಪ್ ವೆರಿಫಿಕೇಶನ್ (ಪಾಸ್‌ವರ್ಡ್ ಜೊತೆ ಇನ್ನೊಂದು ದೃಢೀಕರಣ) ಹಾಕಿ. ಆ ಖಾತೆಗೆ ಎಡಿಟ್ ಪರ್ಮಿಶನ್ ಕೊಟ್ಟ ಮೇಲೆ ಹುಡುಗ ಕಂಪ್ಯೂಟರ್‌ನಲ್ಲಿ ಶೇರ್ ಒತ್ತಿ, ಅದರ ಹೆಸರಿನ ಪಕ್ಕದಲ್ಲಿ ಟ್ರಾನ್ಸ್‌ಫರ್ ಓನರ್‌ಶಿಪ್ ಆರಿಸಲಿ. ನೀವು ಒಪ್ಪಿಗೆ ಕೊಡುವವರೆಗೂ ಅವನೇ ಮಾಲೀಕ. ಫೋಲ್ಡರ್ ವರ್ಗಾಯಿಸಿದರೆ ಒಳಗಿನ ಫೈಲುಗಳು ಬರುವುದಿಲ್ಲ, ಒಂದೊಂದನ್ನೂ ಬೇರೆಯಾಗಿ ಮಾಡಬೇಕು. ಇಷ್ಟಾಗುವವರೆಗೆ ಒಂದು ಕಾಪಿ ಇಟ್ಟುಕೊಳ್ಳಿ. ಆದರೆ ಕಾಪಿಗೆ ಹಳೇ ವರ್ಶನ್ ಹಿಸ್ಟರಿ, ಅಂದರೆ ಹಿಂದಿನ ಬದಲಾವಣೆಗಳ ದಾಖಲೆ, ಬರುವುದಿಲ್ಲ.

ಪಾಸ್‌ವರ್ಡ್ ಎಲ್ಲರಿಗೂ ಹಂಚಬೇಡಿ, ಫೈಲನ್ನು ಶೇರ್ ಮಾಡಿ. ಅವರವರ ಖಾತೆಯಿಂದ ಬಂದರೆ ಯಾವ ಅಂಕಿಯನ್ನು ಯಾರು ಯಾವಾಗ ಬದಲಿಸಿದರು ಅಂತ ಗೊತ್ತಾಗುತ್ತದೆ. ನೇಕಾರರ ನೂಲಿನ ಲೆಕ್ಕದಲ್ಲಿ ತಕರಾರು ಬಂದಾಗ ಇಬ್ಬರಿಗೂ ಅದೇ ಆಧಾರ.

ದಾವಣಗೆರೆ, ಬಟ್ಟೆ: ಫಾರ್ವರ್ಡ್ ಬಂದಿದೆ ನೋಡಿ: "ಡಿಲೀಟ್ ಆದ ಶೀಟ್ 5 ನಿಮಿಷದಲ್ಲಿ ವಾಪಸ್, ಕೆಳಗಿನ ಆಪ್ ಹಾಕಿಕೊಳ್ಳಿ."

ಸಲಹೆಗಾರ್ತಿ: ಯಾರೂ ಅದನ್ನು ಒತ್ತಬೇಡಿ. ಅದು ಪ್ಲೇ ಸ್ಟೋರ್‌ನದಲ್ಲ, ಎಪಿಕೆ ಫೈಲ್, ಅಂದರೆ ಹೊರಗಿಂದ ನೇರವಾಗಿ ಫೋನಿಗೆ ಹಾಕುವ ಆಪ್. ಇಂಥವು ಎಸ್‌ಎಂಎಸ್ ಓದಲು ಅನುಮತಿ ಕೇಳಿ ಒಟಿಪಿ ಕದಿಯುತ್ತವೆ. ಈಗಾಗಲೇ ಹಾಕಿಕೊಂಡಿದ್ದರೆ ನೆಟ್ ಆಫ್ ಮಾಡಿ, ಬೇರೆ ಫೋನಿಂದ ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದಯವಿಟ್ಟು ಆ ಮೆಸೇಜ್ ಅಳಿಸಿ.

ದಾವಣಗೆರೆ, ಬಟ್ಟೆ: ಒಳ್ಳೇದಾಗಲಿ ಅಂತ ಹಾಕಿದ್ದು.

ಸಲಹೆಗಾರ್ತಿ: ಅಳಿಸಿ. ಇನ್ನೂ ಇದೆ ಅದು.

ಮಂಗಳೂರು, ಬೇಕರಿ: ಇದೆಲ್ಲ ಯಾಕೆ ಮಾರಾಯ್ರೆ? ನಮ್ಮಲ್ಲಿ ಪುಸ್ತಕ ಉಂಟು, ಅದೇ ಸಾಕು.

ಮೈಸೂರು, ಅಗರಬತ್ತಿ: ಒಂದೇ ಅಂಗಡಿಗೆ ಸಾಕು. ನಮ್ಮ ಗೋಡೌನು ಒಂದು ಕಡೆ, ಆಫೀಸು ಒಂದು ಕಡೆ. ಸರಕು ಎಷ್ಟಿದೆ ಅಂತ ಕೇಳೋಕೇ ದಿನವೆಲ್ಲ ಫೋನ್ ಮಾಡ್ತಿದ್ವಿ. ಈಗ ಇಬ್ಬರೂ ಒಂದೇ ಶೀಟ್ ನೋಡ್ತೀವಿ.

ಮಂಗಳೂರು, ಬೇಕರಿ: ನೆಟ್ ಹೋದರೆ?

ಮೈಸೂರು, ಅಗರಬತ್ತಿ: ಮೊಬೈಲಲ್ಲಿ ಆಫ್‌ಲೈನ್ ಇಡಬಹುದು ಸ್ವಾಮಿ. ನಿಮ್ಮ ಪುಸ್ತಕ ಮಳೇಲಿ ನೆನೆದರೆ? ಜಿಎಸ್‌ಟಿ ಲೆಕ್ಕ ವಾರ್ಷಿಕ ರಿಟರ್ನಿನ ಕೊನೇ ದಿನಾಂಕದಿಂದ 72 ತಿಂಗಳು ಇಡಬೇಕು.

ಮಂಗಳೂರು, ಬೇಕರಿ: ನನಗೆ ಜಿಎಸ್‌ಟಿ ಪಾಠ ಬೇಡ.

ತುಮಕೂರು, ಪ್ರಿಂಟಿಂಗ್: ವಿದೇಶಿ ಕಂಪನಿಗೆ ಲೆಕ್ಕ ಯಾಕೆ ಒಪ್ಪಿಸ್ತೀರಿ? ಚೆನ್ನೈನ ಜೋಹೋ ಇದೆಯಲ್ಲ.

ಮೈಸೂರು, ಅಗರಬತ್ತಿ: ಚೆನ್ನಾಗೇ ಇದೆ. ಈಗ ಮಾತಾಡ್ತಿರೋ ವಾಟ್ಸ್ಆಪ್ ಯಾರದು?

ತುಮಕೂರು, ಪ್ರಿಂಟಿಂಗ್: ನಿನ್ನ ಕೇಳಿಲ್ಲ.

ಮೈಸೂರು, ಅಗರಬತ್ತಿ: ಏಕವಚನ ಬೇಡ.

ಹಾಸನ, ಗೊಬ್ಬರ: ಶೀಟಲ್ಲಿ ಕನ್ನಡದಲ್ಲಿ ಬರೆದ ಹೆಸರು ಹುಡುಕಿದರೆ ಸಿಗ್ತಿಲ್ಲ, ಯಾಕೆ?

ಶಿವಮೊಗ್ಗ, ಅಡಿಕೆ: ಮೇಡಂ, ಇದು ಫ್ರೀನಾ?

ಸಲಹೆಗಾರ್ತಿ: ಮೇಲೆ ಹೇಳಿದ್ದೇನೆ.

ತುಮಕೂರು, ಪ್ರಿಂಟಿಂಗ್: ಮೇಡಂ, ಜೋಹೋ ಬಗ್ಗೆ ಮಾತೇ ಇಲ್ಲ?

ಸಲಹೆಗಾರ್ತಿ: ಯಾವುದನ್ನಾದರೂ ಬಳಸಿ. ಖಾತೆ ಅಂಗಡಿಯದ್ದಾಗಿರಲಿ. "ಎನಿಒನ್ ವಿತ್ ದ ಲಿಂಕ್" ಅಂತ ಎಡಿಟ್ ತೆರೆದು ಇಂಥ ಗುಂಪಿಗೆ ಹಾಕಬೇಡಿ, ಲಿಂಕ್ ಸಿಕ್ಕವರೆಲ್ಲ ನಿಮ್ಮ ಲೆಕ್ಕ ತಿದ್ದುತ್ತಾರೆ. ನಿಮ್ಮ ಜಗಳಕ್ಕೆ ಉತ್ತರಿಸಲು ನನಗೆ ಸಮಯವಿಲ್ಲ. ಇಳಕಲ್‌ನವರೇ, ಆಯಿತಾ?

ಇಳಕಲ್, ಸೀರೆ: ಶೀಟ್ ಬಂತ್ರಿ. ಆರ್ಡರ್ ತಗೊಳ್ಳೂ ಗೂಗಲ್ ಫಾರ್ಮ್ ಬ್ಯಾರೆ ಐತಂತ, ಅದೂ ಅವನ ಹೆಸರಿನ್ಯಾಗ.

ಸಲಹೆಗಾರ್ತಿ: ಫಾರ್ಮ್ ಬೇರೆ ಫೈಲ್. ಅದನ್ನೂ ಹಾಗೇ ವರ್ಗಾಯಿಸಿ, ಅವನು ಅಂಗಡಿಯಲ್ಲಿರುವಾಗಲೇ. ಆಮೇಲೆ ನೀವೇ ಒಂದು ಸುಳ್ಳು ಆರ್ಡರ್ ತುಂಬಿ, ಶೀಟಿಗೆ ಬರುತ್ತದೆಯೇ ನೋಡಿ ನನಗೆ ತಿಳಿಸಿ.