ದೊಡ್ಡವರ ಇಂಗ್ಲಿಷ್ ತರಗತಿಯನ್ನು ಸೂಪರ್‌ಮಾರ್ಕೆಟ್‌ಗೆ ಕರೆದುಕೊಂಡು ಹೋಗುವುದು ಹೇಗೆ? (ಪ್ರಶ್ನೋತ್ತರ)

ಪ್ರಶ್ನೆ (ರೀಡಿಂಗ್, ಇಂಗ್ಲೆಂಡ್):
ಮೇಡಂ, ನಮಸ್ಕಾರ. ಇಲ್ಲಿನ ಒಂದು ಕಮ್ಯುನಿಟಿ ಹಾಲ್‌ನಲ್ಲಿ ನಡೆಯುವ ಈಸಾಲ್ ತರಗತಿಗೆ, ಅಂದರೆ ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವ ತರಗತಿಗೆ, ನಾನು ವಾಲಂಟಿಯರ್ ಆಗಿ ಹೋಗುತ್ತೇನೆ. ಹನ್ನೆರಡು ಜನ ಇದ್ದಾರೆ. ನೇಪಾಳದವರು, ಪೋಲೆಂಡ್‌ನವರು, ಸುಡಾನ್‌ನವರು, ಜೊತೆಗೆ ದಾವಣಗೆರೆ ಕಡೆಯ ಒಬ್ಬರು ಅಮ್ಮ. ಮುಂದಿನ ತಿಂಗಳು ಎಲ್ಲರನ್ನೂ ಸೂಪರ್‌ಮಾರ್ಕೆಟ್‌ಗೆ ಕರೆದುಕೊಂಡು ಹೋಗೋಣ, ಪಾಠ ನೀವೇ ತಯಾರು ಮಾಡಿ ಅಂತ ಮುಖ್ಯ ಟೀಚರ್ ಹೇಳಿದ್ದಾರೆ. ನನ್ನ ಪ್ಲಾನ್ ಹೀಗಿದೆ: ಎರಡು ಗಂಟೆ ಅಂಗಡಿ ಸುತ್ತುವುದು, ತರಕಾರಿ ಹಣ್ಣುಗಳ ಹೆಸರು ಹೇಳಿಸುವುದು, ಕೊನೆಗೆ ಒಬ್ಬೊಬ್ಬರೂ ಒಂದೊಂದು ಸಾಮಾನು ಕೊಳ್ಳುವುದು. ಇಷ್ಟು ಸಾಕಾ? ಕೆಲವರಿಗೆ ಎಬಿಸಿಡಿ ಓದುವುದೇ ಕಷ್ಟ, ಇನ್ನು ಕೆಲವರು ಚೆನ್ನಾಗಿಯೇ ಮಾತಾಡುತ್ತಾರೆ.

ಉತ್ತರ:
ನಮಸ್ಕಾರ. ಮೊದಲು ಎರಡು ಗಂಟೆಯನ್ನು ಅರ್ಧ ಗಂಟೆಗೆ ಇಳಿಸಿ. ಜಾಸ್ತಿ ಅಂದರೆ ಮುಕ್ಕಾಲು ಗಂಟೆ.

ಸೂಪರ್‌ಮಾರ್ಕೆಟ್ ಅನ್ನುವುದೇ ಬಾಯಿ ಬಿಡದೆ ವ್ಯಾಪಾರ ಮುಗಿಸಲು ಕಟ್ಟಿದ ಜಾಗ. ಊರಿನ ಕಿರಾಣಿ ಅಂಗಡಿಯಲ್ಲಾದರೆ "ಅರ್ಧ ಕೆಜಿ ಸಕ್ಕರೆ ಕೊಡಿ" ಅಂತ ಕೇಳಲೇಬೇಕು. ಇಲ್ಲಿ ಬುಟ್ಟಿ ಹಿಡಿದು, ಬೇಕಾದ್ದು ಎತ್ತಿಕೊಂಡು, ಮೆಷಿನ್‌ಗೆ ಕಾರ್ಡ್ ತೋರಿಸಿ ಹೊರಗೆ ಬಂದುಬಿಡಬಹುದು. ವರ್ಷಗಟ್ಟಲೆ ಇದೇ ಊರಲ್ಲಿದ್ದು, ವಾರ ವಾರ ಅಂಗಡಿಗೆ ಹೋಗಿ, ಅಲ್ಲಿ ಒಂದು ಇಂಗ್ಲಿಷ್ ಮಾತೂ ಆಡದವರು ನನ್ನ ತರಗತಿಗೆ ಬರುತ್ತಾರೆ. ಸುಮ್ನೆ ಕರೆದುಕೊಂಡು ಹೋದರೆ ನಿಮ್ಮವರೂ ಹಾಗೇ ಸುತ್ತಿ ಬರುತ್ತಾರೆ. ಆದ್ದರಿಂದ ಅಲ್ಲಿ ಕೊಡುವ ಕೆಲಸ ಹೇಗಿರಬೇಕು ಅಂದರೆ, ಯಾರನ್ನಾದರೂ ಕೇಳದೆ ಅಥವಾ ಏನನ್ನಾದರೂ ಓದದೆ ಅದು ಮುಗಿಯಲೇಬಾರದು.

ತರಕಾರಿ ಹೆಸರು ಹೇಳಿಸುವುದನ್ನು ಬಿಡಿ. ಮೂವತ್ತು ವರ್ಷ ಸಂಸಾರ ನಡೆಸಿದ ಹೆಂಗಸಿನ ಕೈಗೆ ಈರುಳ್ಳಿ ಕೊಟ್ಟು "ದಿಸ್ ಈಸ್ ಆನ್ ಆನಿಯನ್" ಹೇಳಿಸಿದರೆ ಅವರಿಗೂ ಮುಜುಗರ, ನೋಡುವವರಿಗೂ ಮುಜುಗರ. ಅವರಿಗೆ ಬೇಕಾದ ಇಂಗ್ಲಿಷ್ ದುಡ್ಡು ಉಳಿಸುವುದು, ಹೊಟ್ಟೆ ಕೆಡದಂತೆ ನೋಡಿಕೊಳ್ಳುವುದು, ತಿನ್ನಬಾರದ್ದನ್ನು ತಿನ್ನದಿರುವುದು.

ಅಸಲಿ ಪಾಠ ನಡೆಯುವುದು ಹಿಂದಿನ ವಾರ, ಹಾಲ್‌ನಲ್ಲೇ. ಬಹಳ ಜನ ಟೀಚರುಗಳು "ಎಕ್ಸ್‌ಕ್ಯೂಸ್ ಮಿ, ವೇರ್ ಕ್ಯಾನ್ ಐ ಫೈಂಡ್ ದ ಗ್ರಾಮ್ ಫ್ಲೋರ್?" (ಕಡಲೆಹಿಟ್ಟು ಎಲ್ಲಿದೆ?) ಅಂತ ಪ್ರಶ್ನೆಯನ್ನು ಉರು ಹೊಡೆಸಿ ಕಳಿಸುತ್ತಾರೆ. ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಕಷ್ಟ ಇರುವುದು ಬರುವ ಉತ್ತರದಲ್ಲಿ. ಅಂಗಡಿಯವನು ಒಂದೇ ಉಸಿರಿಗೆ "ಐಲ್ ಸೆವೆನ್, ಡೌನ್ ದಿ ಎಂಡ್, ನೆಕ್ಸ್ಟ್ ಟು ದ ಟಿನ್ಡ್ ಟೊಮ್ಯಾಟೋಸ್, ಬಾಟಮ್ ಶೆಲ್ಫ್" ಅಂದುಬಿಡುತ್ತಾನೆ. (ಐಲ್ ಅಂದರೆ ಶೆಲ್ಫ್‌ಗಳ ನಡುವಿನ ಓಡಾಡುವ ಸಾಲು.) ನಮ್ಮವರು "ಥ್ಯಾಂಕ್ ಯೂ" ಅಂತ ನಕ್ಕು ಬೇರೆ ದಿಕ್ಕಿಗೆ ಹೋಗುತ್ತಾರೆ.

ಹಾಗಾಗಿ ಉತ್ತರ ಕೇಳಿಸಿಕೊಳ್ಳುವುದನ್ನೇ ಅಭ್ಯಾಸ ಮಾಡಿಸಿ. ಬೋರ್ಡ್ ಮೇಲೆ ಅಂಗಡಿಯ ನಕ್ಷೆ ಬರೆಯಿರಿ. ನೀವು ವೇಗವಾಗಿ, ಸ್ವಲ್ಪ ಮಾತು ನುಂಗಿಕೊಂಡೇ ಹೇಳಿ. ಅವರು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಲಿ. ಪೂರ್ತಿ ವಾಕ್ಯ ಅರ್ಥವಾಗಬೇಕಿಲ್ಲ. ಐಲ್ ನಂಬರ್, ಎಡವೋ ಬಲವೋ, ಯಾವುದರ ಪಕ್ಕ, ಇಷ್ಟನ್ನು ಹಿಡಿದುಕೊಂಡರೆ ಸಾಕು. ತಪ್ಪಿಹೋದರೆ "ಸಾರಿ, ಐಲ್...?" ಅಂತ ರಾಗ ಎಳೆದು ನಿಲ್ಲಿಸುವುದನ್ನು ಕಲಿಸಿ. ಎದುರಿನವರು ನಂಬರ್ ಮತ್ತೆ ಹೇಳುತ್ತಾರೆ. "ಐ ಡೋಂಟ್ ಅಂಡರ್‌ಸ್ಟ್ಯಾಂಡ್" ಅಂದರೆ ಅವರು ಎಲ್ಲವನ್ನೂ ಇನ್ನಷ್ಟು ಜೋರಾಗಿ ಹೇಳುತ್ತಾರೆ, ಅಷ್ಟೇ.

ಇನ್ನೊಂದು ವಿಷಯ. ಇಲ್ಲಿ ಎಷ್ಟೋ ಅಂಗಡಿಗಳಲ್ಲಿ ಕೆಲಸದವರು ದಾರಿ ಹೇಳುವುದರ ಬದಲು ತಾವೇ ಜೊತೆಗೆ ನಡೆದು ಬಂದು ಸಾಮಾನು ತೋರಿಸುತ್ತಾರೆ. ಒಳ್ಳೆಯತನವೇ, ಆದರೆ ನಿಮ್ಮ ಪಾಠ ಅಲ್ಲಿಗೆ ಮುಗಿಯಿತು! ಅದಕ್ಕೇ ಎರಡನೇ ಪ್ರಶ್ನೆಯೊಂದನ್ನು ಕೈಯಲ್ಲಿಟ್ಟು ಕಳಿಸಿ: "ಡು ಯು ಹ್ಯಾವ್ ಎ ಸ್ಮಾಲರ್ ಒನ್?" ಅಥವಾ "ಈಸ್ ದಿಸ್ ಒನ್ ವೆಜಿಟೇರಿಯನ್?"

ಜೋಡಿ ಮಾಡುವಾಗ ಒಂದೇ ಭಾಷೆಯವರನ್ನು ಒಟ್ಟಿಗೆ ಹಾಕಬೇಡಿ. ದಾವಣಗೆರೆ ಅಮ್ಮನ ಜೊತೆ ಪೋಲೆಂಡ್‌ನವರನ್ನು ಬಿಡಿ. ಇಬ್ಬರ ನಡುವೆ ಇಂಗ್ಲಿಷ್ ಬಿಟ್ಟು ಬೇರೆ ದಾರಿ ಇರುವುದಿಲ್ಲ. ಚೆನ್ನಾಗಿ ಮಾತಾಡುವವರು, ಓದಲು ಕಷ್ಟಪಡುವವರು ಒಂದೇ ಜೋಡಿಯಲ್ಲಿದ್ದರೂ ಪರವಾಗಿಲ್ಲ, ಕೆಲಸ ಹಂಚಿಕೊಡಿ. ಓದು ಬಾರದವರಿಗೆ ಬೆಲೆ ಮತ್ತು ತಾರೀಖು, ಅಂದರೆ ಅಂಕಿಗಳು. ಓದುವವರಿಗೆ ಸಣ್ಣ ಅಕ್ಷರದ ಲೇಬಲ್.

ಲೇಬಲ್‌ನಲ್ಲಿ ನಾನು ಬಿಡದೇ ಮಾಡಿಸುವುದು "ಯೂಸ್ ಬೈ" ಮತ್ತು "ಬೆಸ್ಟ್ ಬಿಫೋರ್". ಇಲ್ಲಿನ ನಿಯಮದಲ್ಲಿ ಮೊದಲನೆಯದು ಸುರಕ್ಷತೆಯ ಮಾತು. ಆ ದಿನ ದಾಟಿದ ಮೇಲೆ ವಾಸನೆ ಚೆನ್ನಾಗಿದ್ದರೂ ತಿನ್ನಬಾರದು. ಎರಡನೆಯದು ಗುಣಮಟ್ಟದ್ದು. ದಾಟಿದರೂ ಬಿಸ್ಕತ್ತು ಸ್ವಲ್ಪ ಮೆತ್ತಗಾಗಿರಬಹುದು, ಅಷ್ಟೇ. ಇದು ಗೊತ್ತಿಲ್ಲದೆ ಒಳ್ಳೆಯ ಅಕ್ಕಿ ಬಿಸಾಡುವವರೂ ಇದ್ದಾರೆ, ಹಳೆ ಮಾಂಸ ಬೇಯಿಸುವವರೂ ಇದ್ದಾರೆ. ಸಂಜೆ ಹೊತ್ತು ಹಳದಿ ಸ್ಟಿಕ್ಕರ್ ಹಾಕಿ "ರೆಡ್ಯೂಸ್ಡ್" ಅಂತ ಕಡಿಮೆ ಬೆಲೆಗೆ ಇಡುತ್ತಾರಲ್ಲ, ಅದನ್ನು ಕೊಳ್ಳಲು ಈ ಎರಡರ ವ್ಯತ್ಯಾಸ ಗೊತ್ತಿರಲೇಬೇಕು.

ಎರಡನೇ ಕೆಲಸ ಬೆಲೆಯದು. ಶೆಲ್ಫ್ ಚೀಟಿಯ ಮೂಲೆಯಲ್ಲಿ ಸಣ್ಣದಾಗಿ 100 ಗ್ರಾಂಗೆ ಅಥವಾ ಕೆಜಿಗೆ ಎಷ್ಟು ಅಂತ ಬರೆದಿರುತ್ತದೆ. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅಂತ ನಂಬಿಕೊಂಡವರಿಗೆ ಇದೊಂದು ಒಳ್ಳೆಯ ಆಟ. ಎರಡು ಪ್ಯಾಕೆಟ್ ತೋರಿಸಿ, ಯಾವುದು ಚೀಪರ್, ಯಾಕೆ ಅಂತ ಜೋಡಿಯಲ್ಲೇ ವಾದ ಮಾಡಲಿ. ಚೀಪರ್, ಬಿಗ್ಗರ್, ಬೆಟರ್ ವ್ಯಾಲ್ಯೂ ಎಲ್ಲ ತಾನಾಗಿ ಬರುತ್ತವೆ, ವ್ಯಾಕರಣ ಅಂತ ಹೆಸರು ಹೇಳುವುದೇ ಬೇಡ. ಟೆಸ್ಕೋದಂಥ ಸೂಪರ್‌ಮಾರ್ಕೆಟ್‌ಗಳಲ್ಲಿ ಕ್ಲಬ್‌ಕಾರ್ಡ್‌ನಂಥ ಸದಸ್ಯತ್ವದ ಕಾರ್ಡ್ ಇದ್ದವರಿಗೆ ಒಂದು ಬೆಲೆ, ಇಲ್ಲದವರಿಗೆ ಇನ್ನೊಂದು. ಎರಡೂ ಒಂದೇ ಚೀಟಿಯಲ್ಲಿರುತ್ತವೆ. ಹೊಸಬರು ಕಡಿಮೆ ಬೆಲೆ ನೋಡಿ ತಂದು, ಬಿಲ್ ಹತ್ತಿರ ಗಾಬರಿಯಾಗುವುದು ಇಲ್ಲೇ.

ಹಾಲಿನ ಬಾಟಲಿಯ ಮುಚ್ಚಳ ಅಥವಾ ಲೇಬಲ್ ಬಣ್ಣಕ್ಕೆ ಒಂದೇ ನಿಮಿಷ ಸಾಕು: ಸಾಮಾನ್ಯವಾಗಿ ನೀಲಿ ಕೆನೆಭರಿತ, ಹಸಿರು ಅರ್ಧ ಕೆನೆ ತೆಗೆದದ್ದು, ಕೆಂಪು ಪೂರ್ತಿ ಕೆನೆ ತೆಗೆದದ್ದು. ಹೆಪ್ಪು ಹಾಕುವವರು ನೀಲಿ ಹುಡುಕಲಿ.

ಯಾರನ್ನೂ ದುಡ್ಡು ಖರ್ಚು ಮಾಡುವಂತೆ ಕಟ್ಟಿಹಾಕಬೇಡಿ. ತಿಂಗಳ ಕೊನೆಯಲ್ಲಿ ಎರಡು ಪೌಂಡ್ ಕೂಡ ಲೆಕ್ಕಕ್ಕೆ ಬರುವ ಮನೆಗಳಿವೆ, ಅವರು ಅದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಬರುವುದೇ ಬಿಟ್ಟುಬಿಡುತ್ತಾರೆ. ಕೊಳ್ಳುವ ಅನುಭವ ಬೇಕಿದ್ದರೆ ತರಗತಿಯ ಚಹಾಕ್ಕೆ ಬೇಕಾದ ಹಾಲು, ಬಿಸ್ಕತ್ತನ್ನು ಸಂಸ್ಥೆಯ ದುಡ್ಡಲ್ಲಿ ಅವರ ಕೈಯಿಂದಲೇ ತರಿಸಿ. ಚೀಲ ಮನೆಯಿಂದ ತರಲು ಹೇಳಿ. ಇಂಗ್ಲೆಂಡ್‌ನಲ್ಲಿ 2021ರ ಮೇ ತಿಂಗಳಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಚೀಲಕ್ಕೆ ಕನಿಷ್ಠ 10 ಪೆನ್ಸ್ ಕೊಡಬೇಕು. ಬಿಲ್ ಹಾಕುವವರ ಮೊದಲ ಪ್ರಶ್ನೆಯೂ ಬಹಳ ಸಲ ಅದೇ, "ನೀಡ್ ಎ ಬ್ಯಾಗ್?" ನಮ್ಮ ಕಡೆಯವರಿಗೆ ಒಂದು ಮಾತು ಹೇಳಿಡಿ, ಇಲ್ಲಿ "ಕವರ್" ಕೇಳಿದರೆ ಯಾರಿಗೂ ತಿಳಿಯುವುದಿಲ್ಲ.

ಮ್ಯಾನೇಜರ್‌ಗೆ ಮೊದಲೇ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ. ವಾರದ ಮಧ್ಯೆ, ಬೆಳಿಗ್ಗೆ ಹತ್ತರ ಮೇಲೆ ಹೋಗಿ. ಶನಿವಾರ ಖಂಡಿತ ಬೇಡ.

ಮತ್ತೆ ನೀವು? ಬಾಗಿಲ ಹತ್ತಿರ ನಿಂತಿರಿ. ಟೀಚರ್ ಪಕ್ಕದಲ್ಲಿದ್ದರೆ ಎಲ್ಲರೂ ಅಂಗಡಿಯವರನ್ನು ಬಿಟ್ಟು ನಿಮ್ಮನ್ನೇ ಕೇಳುತ್ತಾರೆ.

ಪ್ರಶ್ನೆ (ಅವರೇ):
ತುಂಬ ಥ್ಯಾಂಕ್ಸ್ ಮೇಡಂ. ವಾಪಸ್ ಬಂದ ಮೇಲೆ ಏನು ಮಾಡಿಸಲಿ? ವರ್ಕ್‌ಶೀಟ್ ಕೊಡಲಾ?

ಉತ್ತರ:
ವರ್ಕ್‌ಶೀಟ್ ಮನೆಗೆ ಕೊಡಿ. ಬಂದ ಕೂಡಲೇ ಚಹಾ ಕುಡಿಯುತ್ತಾ ಮಾತಾಡಿಸಿ. ಯಾರನ್ನು ಕೇಳಿದಿರಿ? ಅವರು ಏನಂದರು? "ಐ ಆಸ್ಕ್ಡ್", "ಶಿ ಸೆಡ್", "ವಿ ಕುಡಂಟ್ ಫೈಂಡ್". ಭೂತಕಾಲಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ. ಅಂಗಡಿಯಲ್ಲಿ ಕೇಳಿಸಿ ಅರ್ಥವಾಗದ ಮಾತನ್ನು ಹೇಗೆ ಕೇಳಿಸಿತೋ ಹಾಗೇ ಅನ್ನಲು ಹೇಳಿ. "ಯೋರೈಟ್ ದೇರ್?" ಅಂದರೇನು ಅಂತ ಒಬ್ಬರಾದರೂ ಕೇಳುತ್ತಾರೆ. ಅದು ಯೋಗಕ್ಷೇಮ ವಿಚಾರಿಸಿದ್ದಲ್ಲ, ಏನಾದರೂ ಬೇಕಾ ಅಂತ ಕೇಳಿದ್ದು.

ರಸೀದಿಯನ್ನು ಬಿಸಾಡಬೇಡಿ. ಮುಂದಿನ ವಾರದ ಪಾಠ ಅದರಲ್ಲೇ ಇದೆ. ಮೈನಸ್ ಗುರುತು ಹಾಕಿ ರಿಯಾಯಿತಿ ತೋರಿಸಿರುತ್ತಾರೆ, ಅದನ್ನು ಓದಲಿ. ಆಮೇಲೆ "ಐ ಥಿಂಕ್ ಯು ಚಾರ್ಜ್ಡ್ ಮಿ ಟ್ವೈಸ್" ಅನ್ನುವ ಸನ್ನಿವೇಶ ಆಡಿಸಿ. ಕೆಟ್ಟ ಸಾಮಾನು ವಾಪಸ್ ಕೊಡುವುದನ್ನೂ ಸೇರಿಸಿ. 2015ರ ಗ್ರಾಹಕ ಹಕ್ಕು ಕಾಯ್ದೆ ಪ್ರಕಾರ ದೋಷವಿರುವ ವಸ್ತುವನ್ನು 30 ದಿನದೊಳಗೆ ಕೊಟ್ಟು ದುಡ್ಡು ವಾಪಸ್ ಕೇಳಬಹುದು. ಬೇಗ ಕೆಡುವ ಸಾಮಾನಿಗೆ ಮಾತ್ರ ಅಷ್ಟು ದಿನ ಇರುವುದಿಲ್ಲ. ಮನಸ್ಸು ಬದಲಾಯಿತು ಅಂತ ವಾಪಸ್ ಕೊಡುವುದು ಬೇರೆ, ಅದು ಆಯಾ ಅಂಗಡಿಯ ಇಷ್ಟ.

ಪ್ರಶ್ನೆ (ಲೀಡ್ಸ್):
ಒಂದು ಅನುಮಾನ. ಈಗ ಎಲ್ಲ ಸೆಲ್ಫ್ ಚೆಕ್‌ಔಟ್ (ನಾವೇ ಸ್ಕ್ಯಾನ್ ಮಾಡಿ ದುಡ್ಡು ಕಟ್ಟುವ ಮೆಷಿನ್), ಇಲ್ಲಾಂದ್ರೆ ಆನ್‌ಲೈನ್. ಮನುಷ್ಯರ ಜೊತೆ ಮಾತಾಡುವ ಅಗತ್ಯ ಎಲ್ಲಿದೆ? ಇದೆಲ್ಲ ಹಳೇ ಕಾಲದ ಪಾಠ ಅನಿಸಲ್ವಾ?

ಉತ್ತರ:
ಮೆಷಿನ್ ಸರಿಯಾಗಿ ನಡೆಯುವಾಗ ನಿಮ್ಮ ಮಾತು ನಿಜ. ಅದು "ಅನ್‌ಎಕ್ಸ್‌ಪೆಕ್ಟೆಡ್ ಐಟಮ್ ಇನ್ ದ ಬ್ಯಾಗಿಂಗ್ ಏರಿಯಾ" (ಚೀಲ ಇಡುವ ಜಾಗದಲ್ಲಿ ಲೆಕ್ಕಕ್ಕೆ ಬಾರದ ಸಾಮಾನಿದೆ) ಅಂದು ಕೆಂಪು ದೀಪ ಹಾಕಿದಾಗ, ಹಿಂದೆ ಐದು ಜನ ನಿಂತಿರುವಾಗ, ಮಾತು ಬೇಕೇ ಬೇಕು. ಆನ್‌ಲೈನ್‌ನಲ್ಲೂ ಅಷ್ಟೇ. ನೀವು ಆರ್ಡರ್ ಮಾಡಿದ್ದು ಇಲ್ಲ ಅಂತ ಬದಲಿ ಸಾಮಾನು ತಂದಾಗ, ಬೇಡ ಅಂತ ಬಾಗಿಲಲ್ಲೇ ಹೇಳಲು ಬರಬೇಕು. ಒಂದು ಜೋಡಿಗೆ ಸೆಲ್ಫ್ ಚೆಕ್‌ಔಟ್ ಕೆಲಸವನ್ನೇ ಕೊಡಿ. ಬಿಡಿ ತರಕಾರಿ ತೂಕ ಹಾಕಲಿ. ಅಲ್ಲಿ ನಮ್ಮ ಬದನೆಕಾಯಿ ಬ್ರಿಂಜಾಲ್ ಅಂತ ಹುಡುಕಿದರೆ ಸಿಗಲ್ಲ, ಆಬರ್ಜೀನ್. ಬೆಂಡೆಕಾಯಿ ಓಕ್ರಾ. ತರಕಾರಿ ಹೆಸರು ಬೇಡ ಅಂದೆನಲ್ಲ, ಈ ಎರಡಕ್ಕೆ ವಿನಾಯಿತಿ.

ಪ್ರಶ್ನೆ (ಹುಬ್ಬಳ್ಳಿ):
ಮೇಡಮ್ಮಾರೇ, ನಾನು ಇಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ನಮ್ಮಲ್ಲೂ ದೊಡ್ಡ ಸೂಪರ್‌ಮಾರ್ಕೆಟ್ ಬಂದಿವೆ. ಆದರೆ ಅಲ್ಲಿ ಕೆಲಸ ಮಾಡುವವರೆಲ್ಲ ನಮ್ಮ ಓಣಿಯ ಹುಡುಗರೇ. ಅವರ ಹತ್ತಿರ ಇಂಗ್ಲಿಷ್‌ನಲ್ಲಿ ಮಾತಾಡಿ ಅಂದರೆ ನಗ್ತಾರೆ. ಏನು ಮಾಡಲಿ?

ಉತ್ತರ:
ನಗುವುದು ಸರಿಯಾಗೇ ಇದೆ! ಕನ್ನಡ ಬರುವ ಹುಡುಗನ ಜೊತೆ ಇಂಗ್ಲಿಷ್ ನಾಟಕ ಯಾಕೆ? ನಿಮ್ಮ ಕಡೆ ಅಂಗಡಿಯ ಇಂಗ್ಲಿಷ್ ಬಾಯಲ್ಲಿಲ್ಲ, ಪ್ಯಾಕೆಟ್ ಮೇಲಿದೆ. ಅದನ್ನು ಓದುವ ಪಾಠ ಮಾಡಿ, ಮಾತಿನ ಪಾಠ ಬೇಡ. ಅಂಗಡಿಗೂ ಹೋಗಬೇಕಿಲ್ಲ. ಮನೆಯ ಖಾಲಿ ಪ್ಯಾಕೆಟ್‌ಗಳನ್ನು ತರಲು ಹೇಳಿ.

ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ. ನೆಟ್ ಕ್ವಾಂಟಿಟಿ ನೋಡಿಸಿ. ಬೆಲೆ ಹಾಗೇ ಇಟ್ಟು ತೂಕ ಇಳಿಸಿದ ಬಿಸ್ಕತ್ತು, ಸೋಪು ಎಷ್ಟಿವೆ ಅಂತ ಅವರೇ ಕಂಡುಹಿಡಿಯುತ್ತಾರೆ, ಗಲಾಟೆಯೂ ಆಗುತ್ತದೆ, ಆಗಲಿ. ಸಸ್ಯಾಹಾರಕ್ಕೆ ಚೌಕದೊಳಗೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಈಗ ಚೌಕದೊಳಗೆ ಕಂದು ತ್ರಿಕೋನ. ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ಸಂಸ್ಥೆಯ ಲೈಸೆನ್ಸ್ ನಂಬರ್ 14 ಅಂಕಿಯದು. ನಿಮ್ಮ ಸಂಘದವರು ಹಪ್ಪಳ, ಚಟ್ನಿಪುಡಿ ಮಾಡಿ ಮಾರುತ್ತಿದ್ದರೆ ಇನ್ನೂ ಒಳ್ಳೆಯದು. ತಮ್ಮದೇ ಪ್ಯಾಕೆಟ್‌ಗೆ ಇಂಗ್ಲಿಷ್ ಲೇಬಲ್ ಬರೆಯಲಿ.

ಪ್ರಶ್ನೆ (ರೀಡಿಂಗ್‌ನವರೇ, ಮತ್ತೆ):
ಕೊನೇದೊಂದು. ದಾವಣಗೆರೆ ಅಮ್ಮ ಬರಲ್ಲ ಅಂತಿದ್ದಾರೆ. "ನನ್ನ ಇಂಗ್ಲಿಷ್‌ಗೆ ಅಂಗಡಿಯವರು ನಗ್ತಾರೆ" ಅಂತ.

ಉತ್ತರ:
ಒತ್ತಾಯ ಮಾಡಬೇಡಿ, ಕೆಲಸ ಬದಲಿಸಿ ನೋಡಿ. ಅವರು ಸಸ್ಯಾಹಾರಿಯಾ? ಹಾಗಿದ್ದರೆ ಮೊಸರು, ಚೀಸ್, ಜೆಲ್ಲಿ ಮಿಠಾಯಿಗಳ ಲೇಬಲ್‌ನಲ್ಲಿ ಜೆಲಟಿನ್ (ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆದದ್ದು), ರೆನೆಟ್ (ಚೀಸ್ ಮಾಡಲು ಹಾಲು ಗಟ್ಟಿಯಾಗಿಸುವ ಪದಾರ್ಥ, ಕರುವಿನ ಹೊಟ್ಟೆಯಿಂದ ತೆಗೆದದ್ದೂ ಇರುತ್ತದೆ) ಹುಡುಕುವ ಕೆಲಸ ಅವರದು. ಯಾರ ಜೊತೆಯೂ ಮಾತಾಡಬೇಕಿಲ್ಲ. ಪದಗಳನ್ನು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಕೊಡಿ, ಪ್ಯಾಕೆಟ್ ಜೊತೆ ಹೋಲಿಸಿ ನೋಡಲಿ. ಸುಡಾನ್‌ನವರು ಹಲಾಲ್ ನೋಡುವವರಾದರೆ ಅವರಿಗೂ ಜೆಲಟಿನ್ ಬಗ್ಗೆ ಇದೇ ಚಿಂತೆ ಇರುತ್ತದೆ, ಅವರನ್ನೇ ಜೋಡಿ ಮಾಡಿ. ಚೀಸ್ ಮೇಲೆ ಸುಮ್ನೆ "ರೆನೆಟ್" ಅಂತಷ್ಟೇ ಇದ್ದರೆ ಅದು ಪ್ರಾಣಿಯದೋ ಅಲ್ಲವೋ ತಿಳಿಯುವುದಿಲ್ಲ. ಆಗ ಇಬ್ಬರಲ್ಲಿ ಯಾರಾದರೊಬ್ಬರು ಕೇಳಲೇಬೇಕಾಗುತ್ತದೆ. ಯಾರು ಅಂತ ಅವರೇ ನಿರ್ಧರಿಸಿಕೊಳ್ಳಲಿ.