ಫಿಶಾಫ್ ಸ್ಪರ್ಧೆಗೆ ಹೈಸ್ಕೂಲ್ ಬ್ರಾಸ್ ಕ್ವಿಂಟೆಟ್: ಯಾವ ಕೃತಿ, ರೆಕಾರ್ಡಿಂಗ್ ಹೇಗೆ?

ಹಾರ್ನಮ್ಮ, ನೇಪರ್‌ವಿಲ್

ಎಲ್ಲರಿಗೂ ನಮಸ್ಕಾರ. ಮಗಳು ಹನ್ನೊಂದನೇ ಗ್ರೇಡ್, ಫ್ರೆಂಚ್ ಹಾರ್ನ್ ನುಡಿಸುತ್ತಾಳೆ. ಸ್ಕೂಲ್ ಬ್ಯಾಂಡಿನ ಐದು ಮಕ್ಕಳು ಸೇರಿ ಬ್ರಾಸ್ ಕ್ವಿಂಟೆಟ್ (ಐದು ಹಿತ್ತಾಳೆ ಊದುವಾದ್ಯಗಳ ತಂಡ) ಮಾಡಿಕೊಂಡಿದ್ದಾರೆ. ಎರಡು ಟ್ರಂಪೆಟ್, ಹಾರ್ನ್, ಟ್ರಾಂಬೋನ್, ಟ್ಯೂಬಾ. ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ನಡೆಯುವ ಫಿಶಾಫ್ ಚೇಂಬರ್ ಮ್ಯೂಸಿಕ್ (ಸಣ್ಣ ತಂಡಗಳ ಸಂಗೀತ) ಸ್ಪರ್ಧೆಯ ಜೂನಿಯರ್ ವಿಭಾಗಕ್ಕೆ ಹಾಕಲೇಬೇಕು ಅಂತ ಹಟ ಹಿಡಿದಿದ್ದಾರೆ. ಹೆಸರಲ್ಲಿ ‘ನ್ಯಾಷನಲ್’ ಅಂತಿದ್ದರೂ ಹೊರದೇಶದ ತಂಡಗಳೂ ಬರುವ ಜಾಗ, ಅದಕ್ಕೇ ನನಗೆ ಅಳುಕು.

ಮೊದಲು ವಿಡಿಯೋ ಕಳಿಸಬೇಕು. ಮಕ್ಕಳಿಗೆ ಇಂಗ್ಲಿಷ್ ಸಂಗೀತ ರಚನೆಕಾರ ಮಾಲ್ಕಮ್ ಆರ್ನಾಲ್ಡ್ ಬರೆದ ಕ್ವಿಂಟೆಟ್ ಪೂರ್ತಿ ನುಡಿಸುವ ಆಸೆ. ನಮ್ಮ ಬೇಸ್‌ಮೆಂಟಿನಲ್ಲಿ ಫೋನಿಟ್ಟು ರೆಕಾರ್ಡ್ ಮಾಡಿ ನೋಡಿದೆವು. ಟ್ರಂಪೆಟ್ ಕಿವಿಗೆ ಹೊಡೆಯುತ್ತೆ, ನನ್ನ ಮಗಳು ಇದ್ದಾಳೋ ಇಲ್ಲವೋ ಗೊತ್ತಾಗಲ್ಲ! ಇನ್ನೊಂದು ತಲೆನೋವು: ಮೊದಲ ಟ್ರಂಪೆಟ್ ಹುಡುಗನ ಹಲ್ಲಿನ ಕ್ಲಿಪ್ಪನ್ನು ಜನವರಿಯಲ್ಲಿ ತೆಗೀತಾರಂತೆ. ರೆಕಾರ್ಡಿಂಗೂ ಆಗಲೇ. ಇದರ ಅನುಭವ ಇರುವವರು ದಯವಿಟ್ಟು ಹೇಳಿ.

ಟ್ಯೂಬಾ ಅಪ್ಪ, ಆನ್ ಆರ್ಬರ್

ಮೇಡಂ, ಮೊದಲು ಆ ಹುಡುಗನ ಅಮ್ಮನಿಗೆ ಫೋನ್ ಮಾಡಿ. ಉಳಿದದ್ದೆಲ್ಲ ಆಮೇಲೆ. ಕ್ಲಿಪ್ ತೆಗೆದ ದಿನ ಮಕ್ಕಳಿಗೆ ಹಬ್ಬ, ಆದರೆ ತುಟಿಗೆ ಎಲ್ಲ ಹೊಸದು. ಮೌತ್‌ಪೀಸ್ ಕೂರುವ ಜಾಗವೇ ಬದಲಾಗುತ್ತೆ. ಮೇಲಿನ ಸ್ವರಗಳು ಕೆಲವು ವಾರ ಕೈಕೊಡಬಹುದು. ಒಂದೋ ಈಗಲೇ ತೆಗೆಸಲಿ, ಇಲ್ಲ ರೆಕಾರ್ಡಿಂಗ್ ಮುಗಿದ ಮೇಲೆ. ಡಾಕ್ಟರ್ ಹತ್ತಿರ ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಇನ್ನು ಆರ್ನಾಲ್ಡ್. 1961ರ ಕೃತಿ, ಸೊಗಸಾಗಿದೆ. ಎರಡು ಟ್ರಂಪೆಟ್ ಒಂದರ ಹಿಂದೆ ಒಂದು ಓಡುವ ಶುರುವಿಗೇ ಹುಡುಗರು ಮರುಳಾಗಿರುತ್ತಾರೆ, ನನಗೆ ಗೊತ್ತು. ಆದರೆ ಮೊದಲ ಟ್ರಂಪೆಟ್‌ಗೆ ಉಸಿರು ತೆಗೆದುಕೊಳ್ಳಲೂ ಪುರುಸೊತ್ತಿಲ್ಲ. ಐದು ಜನರಲ್ಲಿ ಯಾರ ತುಟಿ ಬೇಗ ಸೋಲುತ್ತೋ ಅವರನ್ನು ನೋಡಿ ಕೃತಿ ಆರಿಸಬೇಕು, ಜೋರಾಗಿರುವವನನ್ನು ನೋಡಿ ಅಲ್ಲ. ಚೇಂಬರ್ ಮ್ಯೂಸಿಕ್‌ನಲ್ಲಿ ಕಂಡಕ್ಟರ್ ಇರಲ್ಲ. ಐವರೂ ಒಟ್ಟಿಗೆ ಉಸಿರೆಳೆದು ಒಟ್ಟಿಗೆ ಶುರು ಮಾಡುತ್ತಾರಾ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಾ, ತೀರ್ಪುಗಾರರು ಅದನ್ನೇ ಗಮನಿಸೋದು.

ವಿಕ್ಟರ್ ಎವಾಲ್ಡ್‌ನ ಮೊದಲ ಕ್ವಿಂಟೆಟ್ ನೋಡಿ. ಮನುಷ್ಯ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಪ್ರೊಫೆಸರ್ ಆಗಿದ್ದವನು, ಸಂಗೀತ ಬಿಡುವಿನ ವೇಳೆಯದು. (ನಮ್ಮ ಮನೆಯಲ್ಲಿ ಇದನ್ನು ಹೇಳಿಯೇ ಅಜ್ಜ-ಅಜ್ಜಿಯನ್ನು ಒಪ್ಪಿಸಿದ್ದು.) ಶುರುವಾಗೋದೇ ಟ್ಯೂಬಾದಿಂದ, ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇದೆ ಅಂದುಕೊಳ್ಳಿ. ಎರಡನೇ ಭಾಗದ ನಡುವೆ ಐದೆಣಿಕೆಯ ತುಂಡೊಂದು ಬರುತ್ತೆ, ಅಲ್ಲೇ ಎಷ್ಟೋ ತಂಡ ಚದುರಿ ಹೋಗುತ್ತವೆ. ಮನೆಯಲ್ಲಿ ಯಾರಿಗಾದರೂ ಖಂಡಚಾಪು ಗೊತ್ತಿದ್ದರೆ ಕೈಯಲ್ಲಿ ತಾಳ ಹಾಕಿಸಿ, ವಾದ್ಯ ಬದಿಗಿಟ್ಟು ಬಾಯಲ್ಲೇ ಹೇಳಿಸಿ.

ಹಾರ್ನ್ ಕೇಳಿಸದಿರೋದು ಮಗಳ ತಪ್ಪಲ್ಲ. ಟ್ರಂಪೆಟ್ಟಿನ ಬೆಲ್ (ನಾದ ಹೊರಬರುವ ಅಗಲ ಬಾಯಿ) ನೇರ ಮುಂದಕ್ಕೆ, ಟ್ಯೂಬಾದ್ದು ಮೇಲಕ್ಕೆ, ಹಾರ್ನಿನದು ಹಿಂದಕ್ಕೆ. ಅವಳ ಬೆನ್ನ ಹಿಂದೆ ಸೋಫಾನೋ ಕರ್ಟನ್ನೋ ಇದ್ದರೆ ನಾದ ಅಲ್ಲೇ ಮುಗಿಯಿತು. ಗಟ್ಟಿ ಗೋಡೆ ಬೇಕು, ಮರದ ಹಲಗೆಯಾದರೂ ಆದೀತು. ಮೈಕನ್ನು 10-12 ಅಡಿ ದೂರ, ತಲೆಗಿಂತ ಮೇಲೆ ನಿಲ್ಲಿಸಿ. ಫೋನಿನ ಮೈಕ್ ಬೇಡ, ಅದು ಜೋರು ಸದ್ದನ್ನು ತಾನೇ ತಗ್ಗಿಸಿ ಮೆಲು ಸದ್ದನ್ನು ಏರಿಸಿ ಎಲ್ಲ ಒಂದೇ ಸಮ ಮಾಡಿಬಿಡುತ್ತೆ. ಬೇಸ್‌ಮೆಂಟ್ ಬಿಡಿ, ಚರ್ಚಿನವರನ್ನು ಕೇಳಿ, ವಾರದ ದಿನ ಹಾಲ್ ಕೊಡುತ್ತಾರೆ. ಮುಂಚೆಯೇ ಹೋಗಿ ಹೀಟರ್ ಹಾಕಿಸಿ. ಹಿತ್ತಾಳೆ ತಣ್ಣಗಿದ್ದರೆ ಶ್ರುತಿ ಇಳಿಯುತ್ತೆ, ನುಡಿಸುತ್ತಾ ಏರುತ್ತೆ.

ಮತ್ತೆ ಮತ್ತೆ ಟೇಕ್ ತೆಗೆಯಬೇಡಿ. ವಯೊಲಿನ್ ಮಕ್ಕಳು ಮಧ್ಯಾಹ್ನವೆಲ್ಲ ನುಡಿಸಿಯಾರು, ತುಟಿ ಹಾಗಲ್ಲ. ನುಡಿಸಿದಷ್ಟೇ ಹೊತ್ತು ಬಿಡುವು ಕೊಡಿ. ಸಾಮಾನ್ಯವಾಗಿ ಮೊದಲ ಎರಡು ಟೇಕಿನಲ್ಲೇ ಒಳ್ಳೆಯದು ಸಿಕ್ಕಿರುತ್ತೆ, ಆಮೇಲಿನವು ಸುಮ್ನೆ ಪೋಷಕರ ಸಮಾಧಾನಕ್ಕೆ.

ಹಾ, ಫೋಟೋಕಾಪಿ ಇಟ್ಟುಕೊಂಡು ನುಡಿಸಬೇಡಿ. ಸ್ಪರ್ಧೆಗಳಲ್ಲಿ ಅಚ್ಚಿನ ಪ್ರತಿಯನ್ನೇ ಕೇಳುತ್ತಾರೆ. ಪಾರ್ಟು (ಒಬ್ಬೊಬ್ಬರ ಹಾಳೆ), ಸ್ಕೋರು (ಐವರದೂ ಸೇರಿದ್ದು) ಎರಡನ್ನೂ ಈಗಲೇ ಕೊಂಡುಬಿಡಿ.

ಎಪಿ ಸಂತ್ರಸ್ತೆ, ಸ್ಯಾನ್ ಹೋಸೆ

ಸ್ಪರ್ಧೆ ಮೇ ತಿಂಗಳಲ್ಲಿ, ಎಪಿ (ಹೈಸ್ಕೂಲಲ್ಲೇ ಬರೆಯುವ ಕಾಲೇಜ್ ಮಟ್ಟದ) ಪರೀಕ್ಷೆಗಳೂ ಮೇ ತಿಂಗಳಲ್ಲಿ. ಹನ್ನೊಂದನೇ ಗ್ರೇಡಲ್ಲಿ ಇದು ಬೇಕಾ? ಅಲ್ಲೂ ಬ್ರಾಸ್‌ಗೆ ಅಂತ ಬೇರೆ ವಿಭಾಗ ಇಲ್ಲ. ವಿಂಡ್ (ಊದುವಾದ್ಯ) ವಿಭಾಗದಲ್ಲಿ ಸ್ಯಾಕ್ಸೊಫೋನ್ ಕ್ವಾರ್ಟೆಟ್‌ಗಳ ಜೊತೆ ಸೆಣಸಬೇಕು. ಅವರ ಚುರುಕು ನಮ್ಮ ಟ್ಯೂಬಾಗಳಿಗೆ ಎಲ್ಲಿಂದ ಬರಬೇಕು? ಕಾಲೇಜ್ ಅರ್ಜಿಗೆ ಒಂದು ಸಾಲು ಆಗುತ್ತೆ ಅಷ್ಟೇ.

ಟ್ಯೂಬಾ ಅಪ್ಪ, ಆನ್ ಆರ್ಬರ್

ನಮ್ಮ ಟ್ಯೂಬಾ ಸಾಕಷ್ಟು ಚುರುಕಾಗಿಯೇ ಇದೆ ಮೇಡಂ. :) ಪರೀಕ್ಷೆಯ ಮಾತು ಮಾತ್ರ ನಿಜ. ಐವರ ಎಪಿ ವೇಳಾಪಟ್ಟಿಯನ್ನೂ ಒಂದೇ ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಕಾಲೇಜಿಗೋಸ್ಕರ ಅಂತಾದರೆ ಹೋಗೋದೇ ಬೇಡ. 1973ರಿಂದ ನಡೆದುಕೊಂಡು ಬಂದಿರುವ ಸ್ಪರ್ಧೆ, ಬೇರೆ ತಂಡಗಳನ್ನು ಕೇಳೋಕೆ ಸಿಗೋದೇ ದೊಡ್ಡ ಲಾಭ. ನನ್ನ ಮಗ ಸ್ಯಾಕ್ಸೊಫೋನ್ ಹುಡುಗರ ಮೆಲುದನಿ ಕೇಳಿ ಬಂದವನು ವಾರಗಟ್ಟಲೆ ಮೆತ್ತಗೆ ನುಡಿಸೋದನ್ನೇ ಅಭ್ಯಾಸ ಮಾಡಿದ. ಮನೆಯಲ್ಲಿ ಟ್ಯೂಬಾ ಇರುವವರಿಗೆ ಇದರ ಬೆಲೆ ಗೊತ್ತು.

ಬ್ಯಾಂಡ್ ಮೇಷ್ಟ್ರು, ಮೈಸೂರು

ತಾಯಿ, ನಾನು ಬ್ಯಾಂಡಿನಲ್ಲಿ ಕಾರ್ನೆಟ್ ನುಡಿಸಿ ನಿವೃತ್ತನಾದವನು. ಸ್ಪರ್ಧೆಯ ವಿಷಯ ಆ ಸಾಹೇಬರು ಚೆನ್ನಾಗಿ ಹೇಳಿದ್ದಾರೆ. ಶ್ರುತಿ ಬಗ್ಗೆ ಒಂದು ಮಾತು.

ಮಕ್ಕಳು ಟ್ಯೂನರ್ ಮುಳ್ಳು ನೋಡಿ ನುಡಿಸುತ್ತಾರೆ. ಒಂಟಿ ಸ್ವರಕ್ಕೆ ಅದು ಸರಿ. ಐವರು ಸೇರಿ ಮೇಜರ್ ಕಾರ್ಡ್ ಹಿಡಿದಾಗ ಗಾಂಧಾರ ಯಾರ ಪಾಲಿಗೆ ಬಂದಿದೆಯೋ ಅವರು ಮುಳ್ಳಿಗಿಂತ ಸುಮಾರು 14 ಸೆಂಟ್ (ಒಂದು ಸೆಂಟ್ ಅಂದರೆ ಅರ್ಧ ಸ್ವರದ ನೂರನೇ ಒಂದು ಪಾಲು) ಇಳಿಸಬೇಕು. ತಂಬೂರಿಯ ಮಂದ್ರ ಷಡ್ಜ ಮೀಟಿದಾಗ ತಾನಾಗಿ ಕೇಳುತ್ತದಲ್ಲ, ಆ ಅಂತರ ಗಾಂಧಾರವೇ ಅದು. ಟ್ರಾಂಬೋನಿಗೆ ಸ್ಲೈಡ್ ಇದೆ, ನಿಮ್ಮ ಮಗಳಿಗೆ ಬೆಲ್ಲೊಳಗಿನ ಬಲಗೈ ಇದೆ. ಟ್ಯೂಬಾ ಷಡ್ಜ ಹಿಡಿಯಲಿ, ಮೇಲೆ ಪಂಚಮ ಕೂರಿಸಿ, ಗಾಂಧಾರ ಕೊನೆಗೆ ಬರಲಿ. ಸರಿಯಾಗಿ ಕೂತರೆ ಗುಂಯ್‌ಗುಟ್ಟುವ ಅಲೆ ನಿಂತುಹೋಗುತ್ತದೆ. ದಿನಾ ಹತ್ತು ನಿಮಿಷ ಇದನ್ನೇ ಮಾಡಲಿ.

ಮಗುವಿಗೆ ಡೆನಿಸ್ ಬ್ರೇನ್ ನುಡಿಸಿದ ಮೊಜಾರ್ಟ್ ಹಾರ್ನ್ ಕಾನ್ಸರ್ಟೊಗಳನ್ನು ಕೇಳಿಸಿ, 1953ರ ರೆಕಾರ್ಡಿಂಗ್. ಅವರಿದ್ದ ಲಂಡನ್ನಿನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾಗೆ ಹಣದ ನೆರವು ಕೊಟ್ಟವರಲ್ಲಿ ನಮ್ಮ ಜಯಚಾಮರಾಜ ಒಡೆಯರೂ ಒಬ್ಬರು.

ಹಾರ್ನಮ್ಮ, ನೇಪರ್‌ವಿಲ್

ಮೇಷ್ಟ್ರೇ, ನಮಸ್ಕಾರ. ಅವಳು ಚಿಕ್ಕಂದಿನಲ್ಲಿ ಹಾಡುಗಾರಿಕೆ ಕಲಿತಿದ್ದಾಳೆ, ಗಾಂಧಾರ ಅಂದ ತಕ್ಷಣ ಅರ್ಥ ಆಯ್ತು. ನಿನ್ನೆ ಶ್ರುತಿಪೆಟ್ಟಿಗೆ ಆ್ಯಪ್ ಹಾಕಿಕೊಂಡು ಐವರೂ ಕೂತಿದ್ದರು. ಟ್ರಾಂಬೋನ್ ಹುಡುಗ ಈಗ ಟ್ಯೂನರ್ ಮುಟ್ಟಲ್ಲ ಅನ್ನುತ್ತಿದ್ದಾನೆ.

ಕ್ಲಿಪ್ ಮಾರ್ಚ್‌ಗೆ ಹೋಯಿತು. ಎವಾಲ್ಡ್ ಪೂರ್ತಿ, ಆರ್ನಾಲ್ಡ್‌ನ ಮೊದಲ ಭಾಗ ಮಾತ್ರ ಅಂತ ರಾಜಿ ಆಗಿದೆ. ಟ್ಯೂಬಾ ಸರ್, ಆಯ್ಕೆಯಾದರೆ ಎರಡು ಕಾರಲ್ಲಿ ಬರೋಣ ಅಂತಿದ್ದೇವೆ. ಟ್ಯೂಬಾ ಹಿಂದಿನ ಸೀಟಲ್ಲಿ ಕೂರುತ್ತಾ?

ಟ್ಯೂಬಾ ಅಪ್ಪ, ಆನ್ ಆರ್ಬರ್

ಕೂರುತ್ತೆ, ಮಕ್ಕಳು ಕೂರಲ್ಲ. ಮಿನಿವ್ಯಾನ್ ತನ್ನಿ. ಮತ್ತೆ ಸೌತ್ ಬೆಂಡ್ ಗಡಿಯಾರ ನಿಮ್ಮದಕ್ಕಿಂತ ಒಂದು ಗಂಟೆ ಮುಂದಿದೆ. ಒಂಬತ್ತಕ್ಕೆ ಕರೆದರೆ ನಿಮಗೆ ಎಂಟು. ಹಿಂದಿನ ರಾತ್ರಿಯೇ ಬಂದು ಉಳಿದುಬಿಡಿ.